ಸಣ್ಣ ಬೆಳೆಗಾರರ ಸಾವಯವ ಕಾಫಿ: ಯಾವ ಪೊಟ್ಟಣ ನಿಮ್ಮ ಮನೆಗೆ ಸರಿ?

ಒಂದು ಕೆ.ಜಿ. ಹುರಿದ ಕಾಫಿ ಬೀಜ ಆಗಬೇಕಾದರೆ ಗಿಡದಿಂದ ಸುಮಾರು ಆರರಿಂದ ಏಳು ಕೆ.ಜಿ. ಹಣ್ಣು ಕೊಯ್ಯಬೇಕು. ನಮ್ಮ ದೊಡ್ಡಪ್ಪನ ತೋಟ ಮೂಡಿಗೆರೆ ಹತ್ತಿರ ಇದೆ, ನಾಲ್ಕೇ ಎಕರೆ. ಡಿಸೆಂಬರ್‌ನಲ್ಲಿ ಕೊಯ್ಲಿಗೆ ಇಳಿದರೆ ಒಂದೊಂದು ಅರೇಬಿಕಾ ಗಿಡದ ಹತ್ತಿರವೂ ಮೂರು ನಾಲ್ಕು ಸಲ ಹೋಗಬೇಕಾಗುತ್ತದೆ. ಒಂದೇ ಗೊಂಚಲಲ್ಲಿ ಕೆಂಪು ಹಣ್ಣೂ ಇರುತ್ತದೆ, ಹಸಿರು ಕಾಯಿಯೂ ಇರುತ್ತದೆ. ಕೆಂಪಾದದ್ದನ್ನು ಮಾತ್ರ ಬೆರಳಲ್ಲಿ ತಿರುವಿ ಬಿಡಿಸಿಕೊಳ್ಳಬೇಕು. ಹಸಿರನ್ನು ಹಾಗೇ ಬಿಟ್ಟು ಹದಿನೈದು ದಿನದ ಮೇಲೆ ಮತ್ತೆ ಬರಬೇಕು. ಎಲ್ಲವನ್ನೂ ಒಟ್ಟಿಗೆ ಸೆಳೆದು ಹಾಕಿದರೆ ಕೂಲಿ ಉಳಿಯುತ್ತದೆ, ರುಚಿ ಹೋಗುತ್ತದೆ.

ಇಷ್ಟೆಲ್ಲ ಕೈಕೆಲಸದ ಬೆಳೆ ಪೊಟ್ಟಣಕ್ಕೆ ಬಂದಾಗ ಮಾತ್ರ ಎಲ್ಲವೂ ಒಂದೇ ಥರ ಕಾಣುತ್ತದೆ. ಸಾವಯವ, ಸ್ಪೆಷಾಲಿಟಿ, ಸಿಂಗಲ್ ಎಸ್ಟೇಟ್ (ಒಂದೇ ತೋಟದ್ದು), ನೆರಳಲ್ಲಿ ಬೆಳೆದದ್ದು. ಬೆಂಗಳೂರಿನ ಸ್ನೇಹಿತರು ನಾಲ್ಕು ಪೊಟ್ಟಣದ ಫೋಟೋ ಕಳಿಸಿ "ಇದರಲ್ಲಿ ಯಾವುದು ತಗೊಳ್ಳಲಿ?" ಅಂತ ಕೇಳುತ್ತಿರುತ್ತಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳುವ ಬದಲು ಎಲ್ಲವನ್ನೂ ಒಂದು ಕಡೆ ಬರೆದಿಡುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸಾವಯವ ಅನ್ನುವುದು ತೋಟದ ಮಾತು, ಸ್ಪೆಷಾಲಿಟಿ ಅನ್ನುವುದು ಲೋಟದ ಮಾತು. ಗಿಡಕ್ಕೆ ಏನು ಹಾಕಿದರು, ಏನು ಸಿಂಪಡಿಸಿದರು ಅಂತ ಸಾವಯವ ಹೇಳುತ್ತದೆ. ತರಬೇತಾದವರು ಕಾಫಿಯ ರುಚಿ ನೋಡಿ 100ಕ್ಕೆ 80 ಅಥವಾ ಅದಕ್ಕಿಂತ ಹೆಚ್ಚು ಅಂಕ ಕೊಟ್ಟರೆ ಅದನ್ನು ಸ್ಪೆಷಾಲಿಟಿ ಅನ್ನುತ್ತಾರೆ. ಒಂದು ಇದ್ದಲ್ಲಿ ಇನ್ನೊಂದು ಇರಲೇಬೇಕು ಅಂತೇನಿಲ್ಲ. ಒಂದು ಹನಿ ರಾಸಾಯನಿಕ ಮುಟ್ಟಿಸದ ತೋಟದ ಕಾಫಿಯೂ ಕಣದಲ್ಲಿ ಮಳೆಗೆ ಸಿಕ್ಕಿ ಬೂಷ್ಟು ವಾಸನೆ ಹಿಡಿಯಬಹುದು. ರಸಗೊಬ್ಬರ ಹಾಕಿದ ತೋಟದ ಕಾಫಿಗೆ 85 ಅಂಕ ಬರಬಹುದು. ನಿಮಗೆ ಎರಡೂ ಬೇಕಾದರೆ ಎರಡನ್ನೂ ಬೇರೆ ಬೇರೆಯಾಗಿ ಕೇಳಿ ತಿಳಿದುಕೊಳ್ಳಬೇಕು. ಸಣ್ಣ ಬೆಳೆಗಾರರಿಂದ ಕೊಳ್ಳುವುದರ ದೊಡ್ಡ ಲಾಭ ಇದೇ. ಅಲ್ಲಿ ಕೇಳಿದರೆ ಉತ್ತರ ಹೇಳುವವರು ಇರುತ್ತಾರೆ.

ಇಂಥ ಪೊಟ್ಟಣಗಳೇ ನಮಗೆ ಹೊಸದು. ಹಿಂದೆ ಬೆಳೆಗಾರರು ತಮ್ಮ ಕಾಫಿಯನ್ನು ಕೇಂದ್ರ ಸರ್ಕಾರದ ಕಾಫಿ ಬೋರ್ಡಿನ ಪೂಲ್‌ಗೆ, ಅಂದರೆ ಒಟ್ಟು ರಾಶಿಗೆ, ಕೊಡಬೇಕಿತ್ತು. ಯಾರು ಎಷ್ಟೇ ಚೆನ್ನಾಗಿ ಬೆಳೆದರೂ ಎಲ್ಲರದ್ದೂ ಬೆರೆತುಹೋಗುತ್ತಿತ್ತು. 1990ರ ದಶಕದಲ್ಲಿ ಆ ಪದ್ಧತಿ ಹಂತ ಹಂತವಾಗಿ ಸಡಿಲವಾಯಿತು, 1996ರ ಹೊತ್ತಿಗೆ ಪೂರ್ತಿ ಹೋಯಿತು. ನಾಲ್ಕೆಕರೆಯವರೂ ತಮ್ಮ ತೋಟದ ಹೆಸರು ಹಾಕಿ ಮಾರಲು ಆದದ್ದು ಆಮೇಲೆ.

ಮೊದಲು ನಿಮ್ಮ ಲೋಟ ನೋಡಿಕೊಳ್ಳಿ

ಹಾಲು ಹಾಕಿ ಕುಡಿಯುತ್ತೀರಾ, ಬರೀ ಡಿಕಾಕ್ಷನ್ ಕುಡಿಯುತ್ತೀರಾ? ಉಳಿದ ಎಲ್ಲ ಆಯ್ಕೆ ಇದರ ಮೇಲೆ ನಿಂತಿದೆ. ತುಂಬ ಜನ ಇದನ್ನು ಬಿಟ್ಟು ತೋಟದ ಎತ್ತರ, ತಳಿ, ಅಂಕ ಅಂತ ಶುರು ಮಾಡುತ್ತಾರೆ.

ಹಿತ್ತಾಳೆ ಅಥವಾ ಸ್ಟೀಲ್ ಫಿಲ್ಟರ್‌ನಲ್ಲಿ ಗಟ್ಟಿ ಡಿಕಾಕ್ಷನ್ ಇಳಿಸಿ, ಕಾಯಿಸಿದ ಹಾಲು, ಸಕ್ಕರೆ ಹಾಕಿ ಕುಡಿಯುವ ಮನೆಗೆ ತೆಳುವಾಗಿ ಹುರಿದ, ಹಣ್ಣಿನ ಘಮದ ದುಬಾರಿ ಕಾಫಿ ಬೇಡ. ಹಾಲು ಆ ಘಮವನ್ನೆಲ್ಲ ನುಂಗುತ್ತದೆ, ಹುಳಿ ಮಾತ್ರ ಉಳಿಯುತ್ತದೆ. ನನ್ನ ಅಮ್ಮ ಅಂಥದ್ದೊಂದನ್ನು ಒಂದು ಗುಟುಕು ಕುಡಿದು "ಹಾಲು ಒಡೆದಿದೆಯಾ ನೋಡೇ" ಅಂದರು. ಹಾಲು ಚೆನ್ನಾಗಿಯೇ ಇತ್ತು. ಹಾಲಿನ ಕಾಫಿಗೆ ಮೈ, ಅಂದರೆ ಬಾಯಿ ತುಂಬುವ ಗಟ್ಟಿತನ, ಬೇಕು, ಕಹಿ ಸ್ವಲ್ಪ ಬೇಕು, ಬೆಲ್ಲದಂಥ ಒಂದು ಸಿಹಿ ಬೇಕು. ತೊಳೆದ ಅರೇಬಿಕಾ ಮುಕ್ಕಾಲು ಪಾಲು, ಒಳ್ಳೆಯ ತೊಳೆದ ರೊಬಸ್ಟಾ ಕಾಲು ಪಾಲು, ಮಧ್ಯಮಕ್ಕಿಂತ ಸ್ವಲ್ಪ ಜಾಸ್ತಿ ಹುರಿ (ತೊಳೆದದ್ದು ಅಂದರೇನು ಅಂತ ಮುಂದೆ ಹೇಳುತ್ತೇನೆ). ಹಾಲಿಗೆ ಇದು ತುಂಬ ಚೆನ್ನಾಗಿ ಹೊಂದುತ್ತದೆ.

ಹಾಲಿಲ್ಲದೆ ಕುಡಿಯುವವರಿಗೆ ಲೆಕ್ಕ ಬೇರೆ. ಅವರಿಗೆ ತೋಟದ ಪ್ರತಿಯೊಂದು ಗುಣವೂ, ಪ್ರತಿಯೊಂದು ತಪ್ಪೂ ನಾಲಿಗೆಗೆ ಸಿಗುತ್ತದೆ. ಜಾಸ್ತಿ ದುಡ್ಡು ಕೊಟ್ಟರೆ ಸಾರ್ಥಕ ಆಗುವುದು ಇಲ್ಲೇ.

ಅರೇಬಿಕಾನಾ, ರೊಬಸ್ಟಾನಾ?

ಅರೇಬಿಕಾ ಮೇಲು, ರೊಬಸ್ಟಾ ಕೀಳು ಅಂತ ಒಂದು ಮಾತು ಎಲ್ಲ ಕಡೆ ಓಡಾಡುತ್ತದೆ. ನಾನು ಇದನ್ನು ಒಪ್ಪುವುದಿಲ್ಲ. ಅರೇಬಿಕಾ ಎತ್ತರದ ಜಾಗ ಕೇಳುತ್ತದೆ, ಸಾವಿರ ಮೀಟರ್ ಮೇಲಿದ್ದರೆ ಇನ್ನೂ ಚೆನ್ನ. ಬಾಬಾಬುಡನ್‌ಗಿರಿ, ಮುಳ್ಳಯ್ಯನಗಿರಿ ಸುತ್ತಿನ ತೋಟಗಳು ಅಂಥವು. ರೊಬಸ್ಟಾ ಅದಕ್ಕಿಂತ ತಗ್ಗಿನಲ್ಲಿ, ಸ್ವಲ್ಪ ಸೆಕೆಯಲ್ಲೂ ಬರುತ್ತದೆ. ಕೊಡಗಿನಲ್ಲಿ ಜಾಸ್ತಿ ಇರುವುದು ಅದೇ. ಅರೇಬಿಕಾದಲ್ಲಿ ಕೆಫೀನ್ ಸುಮಾರು 1.2%, ರೊಬಸ್ಟಾದಲ್ಲಿ ಹತ್ತಿರ ಹತ್ತಿರ ಅದರ ಎರಡರಷ್ಟು. ಕಹಿ, ನೊರೆ, ಮೈ ರೊಬಸ್ಟಾದ್ದು. ಹುಳಿ, ಘಮ, ನವಿರು ಅರೇಬಿಕಾದ್ದು.

ಹಣ್ಣಾದದ್ದನ್ನೇ ಆರಿಸಿ, ಪಲ್ಪ್ ಮಾಡಿ (ಸಿಪ್ಪೆ ಬಿಡಿಸಿ), ತೊಳೆದು ಒಣಗಿಸಿದ ರೊಬಸ್ಟಾವನ್ನು ಒಮ್ಮೆ ಕುಡಿದು ನೋಡಿ. ಕೋಕೋ, ಹುರಿದ ಕಡಲೆಕಾಯಿ ನೆನಪಾಗುತ್ತದೆ. 'ರೊಬಸ್ಟಾ ಕಾಪಿ ರಾಯಲ್' ಅಂತ ನಮ್ಮದೇ ಒಂದು ವಿಶೇಷ ದರ್ಜೆ ಹಿಂದಿನಿಂದಲೂ ಇದೆ. ಹೊರದೇಶದವರು ಎಸ್ಪ್ರೆಸ್ಸೋಗೆ ಅದನ್ನು ಕೇಳಿ ಕೊಳ್ಳುತ್ತಾರೆ.

ಇನ್ನೊಂದು ವಿಷಯ ಕೊಳ್ಳುವವರಿಗೆ ಅಷ್ಟಾಗಿ ಗೊತ್ತಿರುವುದಿಲ್ಲ. ಸಾವಯವದಲ್ಲಿ ರೊಬಸ್ಟಾ ಬೆಳೆಯುವುದು ಅರೇಬಿಕಾಕ್ಕಿಂತ ಸುಲಭ. ಅರೇಬಿಕಾಕ್ಕೆ ಬಿಳಿ ಕಾಂಡಕೊರಕ ಅನ್ನುವ ಹುಳ ಬರುತ್ತದೆ, ಎಲೆ ತುಕ್ಕು ಅನ್ನುವ ರೋಗ ಬರುತ್ತದೆ. ರೊಬಸ್ಟಾಕ್ಕೆ ಕಾಂಡಕೊರಕದ ಕಾಟವಿಲ್ಲ, ತುಕ್ಕನ್ನೂ ಅದು ತಾಳಿಕೊಳ್ಳುತ್ತದೆ. ಹಾಗಾಗಿ ಸಾವಯವ ಅರೇಬಿಕಾದ ಬೆಲೆ ಜಾಸ್ತಿ ಇದ್ದರೆ ಅದಕ್ಕೊಂದು ಕಾರಣವಿದೆ. ಸಾವಯವವೇ ನಿಮಗೆ ಮುಖ್ಯ, ಬಜೆಟ್ ಸ್ವಲ್ಪ ಬಿಗಿ ಅಂದರೆ ತೊಳೆದ ಸಾವಯವ ರೊಬಸ್ಟಾ ತಗೊಳ್ಳಿ. ಧೈರ್ಯವಾಗಿ ಹೇಳುತ್ತೇನೆ.

ಪೊಟ್ಟಣದ ಮೇಲೆ ತಳಿಯ ಹೆಸರೂ ಇರಬಹುದು. ಎಸ್. 795 ಅಂತ ಇದ್ದರೆ ಅದು ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದಿಂದ 1940ರ ದಶಕದಲ್ಲಿ ಬಂದ ಹಳೆಯ ಅರೇಬಿಕಾ. ನಮ್ಮ ನಾಲಿಗೆಗೆ ಒಗ್ಗಿದ ಬೆಲ್ಲ, ಮಸಾಲೆಯ ರುಚಿ ಅದರದ್ದು. ಚಂದ್ರಗಿರಿ 2007ರಲ್ಲಿ ಬಂದದ್ದು, ಗಿಡ್ಡ ಗಿಡ, ದಪ್ಪ ಬೀಜ. ಸೆಲೆಕ್ಷನ್ 9ಕ್ಕೂ ಒಳ್ಳೆಯ ಹೆಸರಿದೆ. ಮೊದಲ ಸಲ ಕೊಳ್ಳುವಾಗ ತಳಿಗೆ ಅಷ್ಟು ತಲೆ ಕೆಡಿಸಿಕೊಳ್ಳಬೇಡಿ. ಒಣಗಿಸಿದ ರೀತಿ ಅದಕ್ಕಿಂತ ಮುಖ್ಯ.

ತೊಳೆದದ್ದು, ಹಣ್ಣಿನ ಸಮೇತ ಒಣಗಿಸಿದ್ದು, ಜೇನು

ತೊಳೆದ ಕಾಫಿ ಅಂದರೆ ಕೊಯ್ದ ದಿನವೇ ಹಣ್ಣನ್ನು ಪಲ್ಪರ್‌ಗೆ ಹಾಕಿ ಸಿಪ್ಪೆ ಬಿಡಿಸುತ್ತಾರೆ. ಬೀಜದ ಮೇಲೆ ಜಾರುವ ಒಂದು ಲೋಳೆ ಉಳಿದಿರುತ್ತದೆ. ಅದನ್ನು ತೊಟ್ಟಿಯಲ್ಲಿ ಒಂದು ದಿನ, ಒಂದೂವರೆ ದಿನ ಹುಳಿಯಲು ಬಿಟ್ಟು ಚೆನ್ನಾಗಿ ತೊಳೆದು ಒಣಗಿಸುತ್ತಾರೆ. ತೋಟದವರ ಬಾಯಲ್ಲಿ ಇದು ಪಾರ್ಚ್‌ಮೆಂಟ್. ಮಾರುಕಟ್ಟೆಯಲ್ಲಿ ತೊಳೆದ ಅರೇಬಿಕಾಕ್ಕೆ 'ಪ್ಲಾಂಟೇಶನ್' ಅನ್ನುತ್ತಾರೆ. ಅಂಗಡಿಯಲ್ಲಿ 'ಪ್ಲಾಂಟೇಶನ್ ಎ' ಅಂತ ಕೇಳಿರುತ್ತೀರಲ್ವಾ, ಅದೇ. ಇದರ ರುಚಿ ಶುದ್ಧ, ಹಗುರ. ಒಳ್ಳೆಯದಾದರೆ ಹೇರಳೆಕಾಯಿ ಸಿಪ್ಪೆ ಉಜ್ಜಿದ ಹಾಗೆ ಒಂದು ಪರಿಮಳ ಬರುತ್ತದೆ.

ಹಣ್ಣಿನ ಸಮೇತ ಒಣಗಿಸಿದ್ದನ್ನು ಈಗ ಪೊಟ್ಟಣದಲ್ಲಿ 'ನ್ಯಾಚುರಲ್' ಅಂತ ಬರೆಯುತ್ತಾರೆ. ಮಲೆನಾಡಿನಲ್ಲಿ ಇದಕ್ಕೆ ಚೆರಿ ಕಾಫಿ ಅಂತ ಹೆಸರು. ಇಲ್ಲಿ ಒಂದು ಗೊಂದಲ ಇದೆ, ಬಿಡಿಸಿ ಹೇಳುತ್ತೇನೆ. ಹಳೆಯ ಲೆಕ್ಕದಲ್ಲಿ ಚೆರಿ ಅಂದರೆ ಕಡಿಮೆ ಬೆಲೆಯದ್ದು. ಒಳ್ಳೆಯ ಹಣ್ಣು ಪಲ್ಪರ್‌ಗೆ ಹೋಗುತ್ತಿತ್ತು. ಕೊನೆ ಕೊಯ್ಲಿನ ಹಸಿರು ಕಾಯಿ, ಗಿಡದಲ್ಲೇ ಒಣಗಿದ್ದು, ನೆಲಕ್ಕೆ ಬಿದ್ದದ್ದು ಎಲ್ಲ ಸೇರಿ ಕಣಕ್ಕೆ ಬಂದು ಚೆರಿ ಆಗುತ್ತಿತ್ತು. ಈಗ ಸ್ಪೆಷಾಲಿಟಿಯವರು ಮಾಡುವ ನ್ಯಾಚುರಲ್ ಇದಕ್ಕೆ ತದ್ವಿರುದ್ಧ. ತೋಟದ ಅತಿ ಒಳ್ಳೆಯ, ಪೂರ್ತಿ ಮಾಗಿದ ಹಣ್ಣನ್ನೇ ತೆಗೆದು, ನೆಲದಿಂದ ಮೇಲೆ ಕಟ್ಟಿದ ಜಾಲರಿಯ ಮಂಚದಲ್ಲಿ ತೆಳುವಾಗಿ ಹರವಿ, ಮೂರು ನಾಲ್ಕು ವಾರ ನಿಧಾನಕ್ಕೆ ಒಣಗಿಸುತ್ತಾರೆ.

ದೊಡ್ಡಪ್ಪ ಮೊದಲ ವರ್ಷ ಇದಕ್ಕೆ ಒಪ್ಪಲೇ ಇಲ್ಲ. "ಅಷ್ಟು ಚೆಂದದ ಹಣ್ಣನ್ನ ಚೆರಿ ಮಾಡಕ್ಕೆ ಹಾಕ್ತಾರಾ ಯಾರಾದ್ರೂ?" ಅಂದರು. ಕೊನೆಗೆ ಒಂದು ಮಂಚದಷ್ಟು ಮಾತ್ರ ಮಾಡೋಣ ಅಂದರು. ದಿನಕ್ಕೆ ಐದಾರು ಸಲ ಕೈಯಲ್ಲಿ ತಿರುವಿ ಹಾಕಬೇಕು. ಕೆಂಪು ಹೋಗಿ ಕಂದು, ಕಂದು ಹೋಗಿ ಕಪ್ಪು ಆಗುತ್ತದೆ. ಸಂಜೆ ಇಬ್ಬನಿ ಬೀಳುವ ಮೊದಲು ಟಾರ್ಪಾಲು ಮುಚ್ಚಬೇಕು. ಇಪ್ಪತ್ತು ದಿನ ದಾಟಿದ ಮೇಲೆ ದೊಡ್ಡಪ್ಪ ಒಂದು ಹಿಡಿ ತೆಗೆದು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರು. ಒಳಗಿನ ಬೀಜ ಸಿಪ್ಪೆಗೆ ಬಡಿದು ಗಲಗಲ ಅಂತು. "ಕೇಳು ಮಗಾ, ಈಗ ಒಣಗೈತೆ" ಅಂದರು. ತೇವದ ಮೀಟರ್ ಇಟ್ಟು ನೋಡಿದರೆ ಅದೂ ಹದಕ್ಕೆ ಬಂದಿತ್ತು. ಹುರಿದು ಪುಡಿ ಮಾಡಿದಾಗ ಅಡುಗೆಮನೆ ತುಂಬ ಹಲಸಿನ ಹಣ್ಣು ಬಿಡಿಸಿದ ಘಮ.

ಆದರೆ ನ್ಯಾಚುರಲ್‌ನಲ್ಲಿ ಅಪಾಯವೂ ಜಾಸ್ತಿ. ಕೊಯ್ಲಿನ ಹೊತ್ತಿಗೆ ಮಳೆ ಬಂದರೆ ಮುಗಿಯಿತು. 2021ರ ನವೆಂಬರ್‌ನಲ್ಲಿ ಹಿಡಿದ ಮಳೆಗೆ ಮಲೆನಾಡು, ಕೊಡಗಿನ ತೋಟಗಳಲ್ಲಿ ಹಣ್ಣು ಉದುರಿತು, ಕಣದಲ್ಲಿದ್ದದ್ದು ಒಣಗಲಿಲ್ಲ. ಅಂಥ ವರ್ಷ ಹಣ್ಣಿನ ಘಮ ಬರಬೇಕಾದಲ್ಲಿ ಹುಳಿಹೆಂಡದ ವಾಸನೆ ಬರುತ್ತದೆ. ತೊಳೆದ ಕಾಫಿಯಲ್ಲಿ ವರ್ಷದಿಂದ ವರ್ಷಕ್ಕೆ ಇಷ್ಟು ಏರುಪೇರು ಇರುವುದಿಲ್ಲ.

ಜೇನು ಅಥವಾ ಹನಿ ಪದ್ಧತಿ ಎರಡರ ನಡುವಿನದ್ದು. ಸಿಪ್ಪೆ ತೆಗೆದು ಲೋಳೆಯನ್ನು ತೊಳೆಯದೆ ಹಾಗೇ ಒಣಗಿಸುತ್ತಾರೆ. ಇದಕ್ಕೆ ಜೇನುತುಪ್ಪ ಬೆರೆಸುವುದಿಲ್ಲ. ಲೋಳೆ ಒಣಗುವಾಗ ಜೇನಿನ ಹಾಗೆ ಅಂಟುತ್ತದೆ, ಅದಕ್ಕೆ ಆ ಹೆಸರು. ಸಿಹಿ ಸ್ವಲ್ಪ ಜಾಸ್ತಿ, ಹುಳಿ ಸ್ವಲ್ಪ ಕಡಿಮೆ. ಬರೀ ಡಿಕಾಕ್ಷನ್ ಕುಡಿಯಲು ಈಗ ಶುರು ಮಾಡುವವರಿಗೆ ನಾನು ಹೇಳುವುದು ಇದನ್ನೇ.

ನೀರಿನ ಲೆಕ್ಕವೂ ಒಂದಿದೆ. ತೊಳೆಯಲು ನೀರು ಬೇಕು, ತೊಳೆದ ನೀರು ಹಳ್ಳಕ್ಕೆ ಹೋದರೆ ಹಳ್ಳ ಕೆಡುತ್ತದೆ. ಸಾವಯವ ಅಂತ ಹೇಳುವವರನ್ನು "ಪಲ್ಪರ್ ನೀರು ಎಲ್ಲಿಗೆ ಹೋಗುತ್ತೆ?" ಅಂತ ಕೇಳಿ. ಗುಂಡಿ ಮಾಡಿ ಇಂಗಿಸುತ್ತೇವೆ, ಸುಣ್ಣ ಹಾಕುತ್ತೇವೆ, ಸಿಪ್ಪೆಯನ್ನು ಗೊಬ್ಬರ ಮಾಡುತ್ತೇವೆ ಅಂತ ತಡವರಿಸದೆ ಹೇಳಿದರೆ ಅವರು ಮನಸ್ಸಿಟ್ಟು ಮಾಡುತ್ತಿದ್ದಾರೆ ಅಂತ ತಿಳಿಯಿರಿ.

ಸಾವಯವ: ಮುದ್ರೆ ಇರುವುದು, ಇಲ್ಲದ್ದು

ಇಲ್ಲಿ ಮೂರು ಥರದ ಪೊಟ್ಟಣ ಸಿಗುತ್ತವೆ. ಮೊದಲನೆಯದು ಎನ್‌ಪಿಒಪಿ (ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮ) ಪ್ರಮಾಣಪತ್ರ ಇರುವುದು. ಕೇಂದ್ರ ಸರ್ಕಾರದ ಈ ಕಾರ್ಯಕ್ರಮ 2001ರಲ್ಲಿ ಶುರುವಾಯಿತು. 'ಇಂಡಿಯಾ ಆರ್ಗಾನಿಕ್' ಮುದ್ರೆ ಇದರದ್ದು. ಹೊರಗಿನ ಸಂಸ್ಥೆಯವರು ತೋಟಕ್ಕೆ ಬಂದು ಪರೀಕ್ಷೆ ಮಾಡುತ್ತಾರೆ, ದಾಖಲೆ ನೋಡುತ್ತಾರೆ. ಕಾಫಿಯಂಥ ಬಹುವಾರ್ಷಿಕ ಬೆಳೆಗೆ ರಾಸಾಯನಿಕ ನಿಲ್ಲಿಸಿ ಮೂರು ವರ್ಷ ಆಗುವ ತನಕ ಸಾವಯವ ಅಂತ ಮಾರುವ ಹಾಗಿಲ್ಲ. ಆ ಮೂರು ವರ್ಷ ಬೆಳೆಗಾರರಿಗೆ ಬಹಳ ಕಷ್ಟದ್ದು. ಇಳುವರಿ ಇಳಿಯುತ್ತದೆ, ಬೆಲೆ ಮಾತ್ರ ಮಾಮೂಲಿಯದ್ದೇ ಸಿಗುತ್ತದೆ.

ಎರಡನೆಯದು ಪಿಜಿಎಸ್. ಅಕ್ಕಪಕ್ಕದ ರೈತರು ಗುಂಪು ಕಟ್ಟಿಕೊಂಡು ಒಬ್ಬರ ತೋಟವನ್ನು ಇನ್ನೊಬ್ಬರು ಪರಿಶೀಲಿಸುವ ಪದ್ಧತಿ. ಖರ್ಚು ಕಡಿಮೆ, ಹಾಗಾಗಿ ಸಣ್ಣವರಿಗೆ ಕೈಗೆಟುಕುತ್ತದೆ. ನಮ್ಮ ದೇಶದೊಳಗಿನ ಮಾರಾಟಕ್ಕೆ ಇದು ಸಾಕು. ಇವೆರಡರಲ್ಲಿ ಒಂದಿದ್ದರೆ ಪೊಟ್ಟಣದ ಮೇಲೆ 'ಜೈವಿಕ್ ಭಾರತ್' ಮುದ್ರೆಯೂ ಕಾಣಬಹುದು.

ಮೂರನೆಯದು ಯಾವ ಮುದ್ರೆಯೂ ಇಲ್ಲದೆ "ನಾವು ಏನೂ ಹೊಡೆಯುವುದಿಲ್ಲ" ಅಂತ ಹೇಳುವವರದ್ದು. ಸಣ್ಣ ರೈತರು ತಾವು ಬೆಳೆದದ್ದನ್ನು ತಾವೇ ನೇರವಾಗಿ ಗ್ರಾಹಕರಿಗೆ ಮಾರುವಾಗ ಪ್ರಮಾಣಪತ್ರದ ನಿಯಮದಲ್ಲಿ ವಿನಾಯಿತಿಯೂ ಇದೆ. ಮುದ್ರೆ ಇಲ್ಲ ಅಂದ ಮಾತ್ರಕ್ಕೆ ಸುಳ್ಳು ಅಂತ ತಳ್ಳಿಹಾಕಬೇಡಿ. ಸುಮ್ನೆ ನಂಬಲೂ ಬೇಡಿ. ನಮ್ಮ ದೊಡ್ಡಪ್ಪನ ತೋಟಕ್ಕೂ ಮೊದಲು ಮುದ್ರೆ ಇರಲಿಲ್ಲ, ಈಗ ಗುಂಪಿನಲ್ಲಿ ಸೇರಿದ್ದಾರೆ.

ಇಂಥವರನ್ನು ಕೇಳಬೇಕಾದ ಪ್ರಶ್ನೆ ಒಂದೇ. "ಬೋರರ್‌ಗೆ ಏನು ಮಾಡ್ತೀರಿ?" ಬೋರರ್ ಅಂದರೆ ಮೇಲೆ ಹೇಳಿದ ಬಿಳಿ ಕಾಂಡಕೊರಕ. ಅರೇಬಿಕಾ ಬೆಳೆಯುವ ಪ್ರತಿಯೊಬ್ಬರಿಗೂ ಇದಕ್ಕೊಂದು ಉತ್ತರ ಇದ್ದೇ ಇರಬೇಕು. ಬಿಳಿ ಕಾಂಡಕೊರಕದ ದುಂಬಿ ಏಪ್ರಿಲ್-ಮೇ ತಿಂಗಳಲ್ಲಿ ಒಮ್ಮೆ, ಅಕ್ಟೋಬರ್‌ನಿಂದ ಡಿಸೆಂಬರ್ ತನಕ ಇನ್ನೊಮ್ಮೆ ಹೊರಗೆ ಬಂದು ತೊಗಟೆಯ ಬಿರುಕಲ್ಲಿ ಮೊಟ್ಟೆ ಇಡುತ್ತದೆ. ಮರಿಹುಳ ಕಾಂಡದೊಳಗೆ ಕೊರೆಯುತ್ತಾ ಹೋಗುತ್ತದೆ. ಗಿಡ ಹಳದಿಯಾಗುತ್ತದೆ, ಕಾಂಡದ ಮೇಲೆ ಉಬ್ಬು ಕಾಣುತ್ತದೆ. ಸಾವಯವದವರು ತೊಗಟೆಯನ್ನು ಉಜ್ಜಿ ನಯ ಮಾಡುತ್ತಾರೆ, ಮೊಟ್ಟೆ ಇಡಲು ಬಿರುಕು ಸಿಗಬಾರದು ಅಂತ. ಕಾಂಡಕ್ಕೆ ಸುಣ್ಣದ ನೀರು ಬಳಿಯುತ್ತಾರೆ. ನೆರಳು ಕಡಿಮೆ ಆಗದ ಹಾಗೆ ಮರಗಸಿ (ನೆರಳುಮರಗಳ ಕೊಂಬೆ ಸವರುವುದು) ಮಾಡುತ್ತಾರೆ, ಯಾಕೆಂದರೆ ಬಿಸಿಲು ಬಿದ್ದಲ್ಲಿ ಬೋರರ್ ಜಾಸ್ತಿ. ಬೋರರ್ ಹೊಡೆದ ಗಿಡವನ್ನು ಕಿತ್ತು ಸುಡುತ್ತಾರೆ. ಹತ್ತು ವರ್ಷ ಸಾಕಿದ ಗಿಡವನ್ನು ಕಿತ್ತು ಸುಡುವಾಗ ದೊಡ್ಡಮ್ಮ ಆ ಕಡೆ ಬರುವುದೇ ಇಲ್ಲ.

ಎಲೆ ತುಕ್ಕಿಗೆ ಬೋರ್ಡೋ ದ್ರಾವಣ, ಅಂದರೆ ಮೈಲುತುತ್ತ ಮತ್ತು ಸುಣ್ಣ. "ಅದೂ ಕೆಮಿಕಲ್ ಅಲ್ವಾ?" ಅಂತ ಕೆಲವರು ಕೇಳುತ್ತಾರೆ. ಸಾವಯವ ನಿಯಮದಲ್ಲಿ ಅದಕ್ಕೆ ಮಿತಿಯೊಳಗೆ ಅವಕಾಶ ಇದೆ. ಯಾರಾದರೂ ಬೋರ್ಡೋ ಹೊಡೆಯುತ್ತೇವೆ ಅಂತ ತಾವಾಗಿ ಹೇಳಿದರೆ ಅವರನ್ನು ನಾನು ಜಾಸ್ತಿ ನಂಬುತ್ತೇನೆ. ರೊಬಸ್ಟಾದವರಾದರೆ ಕಾಯಿಕೊರಕದ ಬಗ್ಗೆ ಕೇಳಿ. ಕೊಯ್ಲಾದ ಮೇಲೆ ನೆಲಕ್ಕೆ ಬಿದ್ದ ಹಣ್ಣನ್ನು ಒಂದೂ ಬಿಡದೆ ಹೆಕ್ಕುತ್ತೇವೆ, ಟ್ರ್ಯಾಪ್ ಕಟ್ಟುತ್ತೇವೆ ಅನ್ನುವ ಉತ್ತರ ಬರಬೇಕು.

ಯಾರಿಂದ ಕೊಳ್ಳುವುದು?

ಬೆಳೆಗಾರರಿಂದಲೇ ತರಿಸಿದರೆ ದುಡ್ಡಿನ ಹೆಚ್ಚು ಪಾಲು ತೋಟಕ್ಕೆ ಹೋಗುತ್ತದೆ, ಮೇಲೆ ಹೇಳಿದ ಪ್ರಶ್ನೆಗಳಿಗೆ ಉತ್ತರವೂ ಸಿಗುತ್ತದೆ. ಕೊರತೆ ಬರುವುದು ಹುರಿಯಲ್ಲಿ. ಚೆನ್ನಾಗಿ ಬೆಳೆಯುವವರೆಲ್ಲ ಚೆನ್ನಾಗಿ ಹುರಿಯಲು ಬರುವವರಲ್ಲ. ಕೆಲವರು ಪೇಟೆಯ ರೋಸ್ಟರ್ ಹತ್ತಿರ ಹುರಿಸಿ ತರುತ್ತಾರೆ, ಅದು ಒಳ್ಳೆಯದೇ.

ನಗರದ ಸಣ್ಣ ರೋಸ್ಟರ್‌ಗಳಲ್ಲಿ ಹುರಿ ಖಚಿತವಾಗಿರುತ್ತದೆ. ತೋಟದ ಹೆಸರು, ಎತ್ತರ, ಪದ್ಧತಿ, ಹುರಿದ ದಿನ ಎಲ್ಲ ಬರೆದಿರುತ್ತಾರೆ. ಬೆಲೆಯೂ ಹಾಗೇ ಇರುತ್ತದೆ. ಹಾಲಿಲ್ಲದೆ ಕುಡಿಯುವವರು, ರುಚಿಯೇ ಮೊದಲು ಅನ್ನುವವರು ಇಲ್ಲಿ ಕೊಳ್ಳಿ. ಸಾವಯವ ಮುಖ್ಯವಾದರೆ ತೋಟದ ಪ್ರಮಾಣಪತ್ರದ ವಿವರ ಕೇಳಿ ಪಡೆಯಿರಿ.

ಗುಂಪುಗಳ ಕಾಫಿಯನ್ನೂ ಮರೆಯಬೇಡಿ. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ಕಾಡಿನ ನೆರಳಲ್ಲಿ ಕಾಫಿ ಬೆಳೆಯುತ್ತಾರೆ. ಆಂಧ್ರದ ಅರಕು ಕಣಿವೆಯಲ್ಲಿ ಆದಿವಾಸಿ ಕುಟುಂಬಗಳು ಪುಟ್ಟ ಪುಟ್ಟ ಜಮೀನಿನಲ್ಲಿ ಸಾವಯವ ಅರೇಬಿಕಾ ಬೆಳೆದು ಹೆಸರು ಮಾಡಿದ್ದಾರೆ. ಅರಕು, ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿ ಅರೇಬಿಕಾಗಳಿಗೆ, ವಯನಾಡು ರೊಬಸ್ಟಾಕ್ಕೆ 2019ರಲ್ಲಿ ಭೌಗೋಳಿಕ ಸೂಚಿ ಸಿಕ್ಕಿತು. ಈ ಸೂಚಿ ಕಾಫಿ ಯಾವ ಊರಿನದ್ದು ಅಂತ ಹೇಳುತ್ತದೆ, ಸಾವಯವ ಹೌದೋ ಅಲ್ಲವೋ ಅಂತ ಹೇಳುವುದಿಲ್ಲ.

ಇನ್ನು ನಮ್ಮ ಬೀದಿಯ ಕಾಫಿಪುಡಿ ಅಂಗಡಿ. ಕಣ್ಣೆದುರೇ ಬೀಜ ಹಾಕಿ ಬಿಸಿಬಿಸಿ ಪುಡಿ ಮಾಡಿ ಕೊಡುತ್ತಾರೆ. ದಿನಕ್ಕೆ ಆರೆಂಟು ಲೋಟ ಆಗುವ ಮನೆಗೆ ಇದನ್ನು ಪೂರ್ತಿ ಬಿಡಿ ಅಂತ ನಾನು ಹೇಳುವುದಿಲ್ಲ. ಯಾವ ತೋಟದ್ದು ಅಂತ ಅಲ್ಲಿ ಗೊತ್ತಾಗುವುದಿಲ್ಲ, ಅಷ್ಟೇ. ಅಲ್ಲಿ ಕೇಳಿಬರುವ 'ಎ', 'ಬಿ' ಅನ್ನುವುದು ಬೀಜದ ಗಾತ್ರ. 6.65 ಮಿಲಿಮೀಟರ್ ಜರಡಿಯಲ್ಲಿ ನಿಂತದ್ದು 'ಎ'. ಪೀಬೆರಿ ಅಂದರೆ ಹಣ್ಣಿನೊಳಗೆ ಎರಡರ ಬದಲು ಒಂದೇ ದುಂಡು ಬೀಜ ಆದದ್ದು, ಅದು ಬೇರೆ ತಳಿ ಅಲ್ಲ. ಇವುಗಳಿಗೆ ಅಂತ ಸಣ್ಣ ಬೆಳೆಗಾರರಿಗೆ ಜಾಸ್ತಿ ದುಡ್ಡು ಕೊಡುವ ಅಗತ್ಯ ನನಗೆ ಕಂಡಿಲ್ಲ.

ಚಿಕೋರಿ ಬೆರೆತ ಪುಡಿಯಾದರೆ ಎಷ್ಟು ಪಾಲು ಅಂತ ಪೊಟ್ಟಣದ ಮೇಲೆ ಬರೆದಿರಲೇಬೇಕು. ನಿಯಮದ ಪ್ರಕಾರ ಕಾಫಿ 51% ಗಿಂತ ಕಡಿಮೆ ಇರುವಂತಿಲ್ಲ. ಚಿಕೋರಿಗೆ ಒಗ್ಗಿದ ಮನೆಯವರು ಒಮ್ಮೆಲೇ ಶುದ್ಧ ಕಾಫಿಗೆ ಬಂದರೆ ಡಿಕಾಕ್ಷನ್ ನೀರಾಯಿತು ಅನ್ನಿಸುತ್ತದೆ. ಮೊದಲು 85:15 ಮಾಡಿ, ಆಮೇಲೆ ಚಿಕೋರಿಯನ್ನು ಇನ್ನೂ ಇಳಿಸಿ. ಒಂದು ಚಮಚ ಪುಡಿ ಜಾಸ್ತಿ ಹಾಕಿದರೂ ಸರಿಹೋಗುತ್ತದೆ.

ಪೊಟ್ಟಣದ ಮೇಲೆ ನೋಡಬೇಕಾದದ್ದು

ಹುರಿದ ದಿನಾಂಕ. ಇದೊಂದು ಇಲ್ಲದಿದ್ದರೆ ಉಳಿದ ಏನೇ ಇರಲಿ, ನಾನು ಕೊಳ್ಳುವುದಿಲ್ಲ. ಒಂದು ಸಲ ಸಾವಯವ ಮೇಳದಲ್ಲಿ ಬಣ್ಣದ ಕಾಗದದ ಪೊಟ್ಟಣ ನೋಡಿ ಅರ್ಧ ಕೆ.ಜಿ. ತಂದೆ. ಪ್ಯಾಕ್ ಮಾಡಿದ ತಿಂಗಳು ಮಾತ್ರ ಇತ್ತು. ಮನೆಗೆ ಬಂದು ಬಿಚ್ಚಿದರೆ ಹಳೆಯ ಕಡಲೆಕಾಯಿ ಎಣ್ಣೆಯ ವಾಸನೆ. ಬಿಸಿನೀರು ಹಾಕಿದರೆ ಪುಡಿ ಉಬ್ಬಲೇ ಇಲ್ಲ, ಕೆಸರಿನ ಹಾಗೆ ಕೂತಿತು. ಹೊಸದಾಗಿ ಹುರಿದದ್ದರಲ್ಲಿ ಗಾಳಿ ತುಂಬಿರುತ್ತದೆ, ನೀರು ಬಿದ್ದೊಡನೆ ನೊರೆಯಾಗಿ ಮೇಲೆದ್ದು ಬರುತ್ತದೆ. ಹುರಿದು ನಾಲ್ಕೈದು ದಿನ ಆದ ಮೇಲೆ ಶುರು ಮಾಡಿ ಒಂದು ತಿಂಗಳೊಳಗೆ ಮುಗಿಸಿದರೆ ರುಚಿ ಚೆನ್ನ. ಅದಕ್ಕೇ ಒಂದು ಕೆ.ಜಿ. ಒಟ್ಟಿಗೆ ಬೇಡ, 250 ಗ್ರಾಂ ತರಿಸಿ. ಮನೆಯಲ್ಲಿ ಪುಡಿ ಮಾಡಲು ಅನುಕೂಲ ಇದ್ದರೆ ಬೀಜವೇ ತರಿಸಿ. ಇಲ್ಲದಿದ್ದರೆ ಫಿಲ್ಟರ್‌ಗೆ ಬೇಕು ಅಂತ ಬರೆದು ಪುಡಿ ಮಾಡಿಸಿ.

ಹುರಿಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹಾಲಿಗೆ ಗಾಢ, ಹಾಲಿಲ್ಲದಕ್ಕೆ ಮಧ್ಯಮ ಅಥವಾ ತೆಳು. ಬೀಜ ಎಣ್ಣೆ ಎಣ್ಣೆಯಾಗಿ ಹೊಳೆಯುವಷ್ಟು ಕಪ್ಪಾದರೆ ತೋಟದ ಗುಣ ಹುರಿಯ ಕಹಿಯಲ್ಲಿ ಮುಚ್ಚಿಹೋಗುತ್ತದೆ.

ಮನೆಯಲ್ಲೇ ಹೋಲಿಸಿ ನೋಡಿ

ಎರಡು ಮೂರು ಕಡೆಯಿಂದ ನೂರು ನೂರು ಗ್ರಾಂ ತರಿಸಿ. ಕೆಲವರು ಕೇಳಿದರೆ ಮಾದರಿ ಪೊಟ್ಟಣ ಕೊಡುತ್ತಾರೆ. ಒಂದೇ ಅಳತೆಯ ಗಾಜಿನ ಲೋಟ ಸಾಲಾಗಿ ಇಡಿ. ಪ್ರತಿಯೊಂದಕ್ಕೂ 12 ಗ್ರಾಂ ತರಿ ಪುಡಿ, ಅದರ ಮೇಲೆ 200 ಮಿಲಿ ನೀರು. ನೀರು ಕುದಿದು ಅರ್ಧ ನಿಮಿಷ ಆಗಿರಲಿ. ಲೋಟದ ಕೆಳಗೆ ಚೀಟಿ ಅಂಟಿಸಿ, ಹೆಸರು ಕಾಣಬಾರದು. ನಾಲ್ಕು ನಿಮಿಷ ಬಿಟ್ಟು, ಮೇಲೆ ಕಟ್ಟಿದ ಕೆನೆಯನ್ನು ಚಮಚದಲ್ಲಿ ಒಡೆಯಿರಿ. ಒಡೆಯುವಾಗ ಮೂಗು ಹತ್ತಿರ ಇರಲಿ, ಅತಿ ಹೆಚ್ಚು ಘಮ ಸಿಗುವುದು ಆ ಕ್ಷಣದಲ್ಲಿ. ನೊರೆ ತೆಗೆದು, ಉಗುರುಬೆಚ್ಚಗೆ ಆದ ಮೇಲೆ ಚಮಚದಿಂದ ಸೊರ್ ಅಂತ ಎಳೆದು ಕುಡಿಯಿರಿ. ಪೂರ್ತಿ ಆರಿದ ಮೇಲೆ ಇನ್ನೊಮ್ಮೆ. ಬಿಸಿಯಲ್ಲಿ ಮುಚ್ಚಿಹೋದ ತಪ್ಪುಗಳು ಆರಿದಾಗ ಹೊರಗೆ ಬರುತ್ತವೆ.

ಗೋಣಿಚೀಲದ ವಾಸನೆ ಬಂದರೆ ಹಳೆಯ ಬೆಳೆ ಅಥವಾ ಕೆಟ್ಟ ಗೋದಾಮು. ಹಸಿ ಕಡಲೆಕಾಯಿ, ಹುಲ್ಲಿನ ರುಚಿ, ನಾಲಿಗೆ ಎಳೆಯುವ ಒಗರು ಬಂದರೆ ಹಸಿರು ಕಾಯಿ ಬೆರೆತಿದೆ. ಮಣ್ಣು, ಬೂಷ್ಟು ಬಂದರೆ ಒಣಗಿಸುವಾಗ ಕೆಟ್ಟಿದೆ. ಆಮೇಲೆ ಉಳಿದ ಪುಡಿಯಲ್ಲಿ ನಿಮ್ಮ ಮಾಮೂಲಿ ಫಿಲ್ಟರ್ ಕಾಫಿಯನ್ನೇ ಹಾಲು ಹಾಕಿ ಮಾಡಿ, ಮನೆಯವರಿಗೆಲ್ಲ ಕೊಡಿ. ನಮ್ಮ ಮನೆಯಲ್ಲಿ ಹೀಗೆ ಮಾಡಿದಾಗ ಹಾಲಿಲ್ಲದ ಸಾಲಿನಲ್ಲಿ ನ್ಯಾಚುರಲ್ ಗೆದ್ದಿತು, ಹಾಲಿನ ಸಾಲಿನಲ್ಲಿ ಅದೇ ಕೊನೆಗೆ ಬಂತು. ಅಮ್ಮ ಎರಡನೇ ಲೋಟ ಕೇಳಿದ್ದು ತೊಳೆದ ರೊಬಸ್ಟಾ ಬೆರೆಸಿದ್ದನ್ನು.

ದುಡ್ಡಿನ ಲೆಕ್ಕವನ್ನು ಲೋಟಕ್ಕೆ ಇಷ್ಟು ಅಂತ ಮಾಡಿ. ಒಬ್ಬರಿಗೆ 12 ಗ್ರಾಂ ಅಂದರೆ 250 ಗ್ರಾಂಗೆ ಇಪ್ಪತ್ತು ಲೋಟ. ಪೊಟ್ಟಣ 400 ರೂಪಾಯಿ ಅಂದುಕೊಂಡರೆ ಲೋಟಕ್ಕೆ 20, 600 ಅಂದುಕೊಂಡರೆ 30. ಬೆಳಗಿನ ಒಂದು ಲೋಟಕ್ಕೆ ಒಳ್ಳೆಯದು, ಉಳಿದ ಹೊತ್ತಿಗೆ ಅಂಗಡಿಯ ಪುಡಿ ಅಂತ ಮಾಡಿಕೊಂಡವರೂ ಇದ್ದಾರೆ. ನಾನೂ ಹಾಗೇ ಮಾಡುತ್ತೇನೆ.

ಹಾಲಿನ ಫಿಲ್ಟರ್ ಕಾಫಿಯ ಮನೆಗೆ ಸಾವಯವ ಪ್ರಮಾಣಪತ್ರ ಇರುವ ತೊಳೆದ ಅರೇಬಿಕಾ-ರೊಬಸ್ಟಾ ಮಿಶ್ರಣ, ನೇರ ಬೆಳೆಗಾರರಿಂದ. ಹಾಲಿಲ್ಲದೆ ಕುಡಿಯಲು ಕಲಿಯುತ್ತಿರುವವರಿಗೆ ಜೇನು ಪದ್ಧತಿಯ ಅರೇಬಿಕಾ, ಮಧ್ಯಮ ಹುರಿ. ಆಗಲೇ ರುಚಿ ಹತ್ತಿದವರಿಗೆ ಒಳ್ಳೆಯ ರೋಸ್ಟರ್ ಹುರಿದ ನ್ಯಾಚುರಲ್, ಅದೂ ಆ ವರ್ಷ ಕೊಯ್ಲಿನಲ್ಲಿ ಮಳೆ ಬಂದಿಲ್ಲದಿದ್ದರೆ. ನನ್ನನ್ನು ಕೇಳಿದರೆ ಇಷ್ಟೇ ಹೇಳುತ್ತೇನೆ.

ಆರ್ಡರ್ ಮಾಡುವ ಹೊತ್ತಿನ ಬಗ್ಗೆ ಒಂದು ಮಾತು. ಅರೇಬಿಕಾ ಕೊಯ್ಲು ಜನವರಿ ಹೊತ್ತಿಗೆ, ರೊಬಸ್ಟಾದ್ದು ಸ್ವಲ್ಪ ತಡವಾಗಿ ಮುಗಿಯುತ್ತದೆ. ಒಣಗಿಸಿ, ಕ್ಯೂರಿಂಗ್ ಮಾಡಿಸಿ (ಒಣ ಸಿಪ್ಪೆ ತೆಗೆಸಿ, ಬೀಜ ವಿಂಗಡಿಸಿ) ಹೊಸ ಬೆಳೆ ಕೈಗೆ ಬರುವುದು ಮಾರ್ಚ್ ಆಸುಪಾಸಿನಲ್ಲಿ. ಆಗ ಫೋನ್ ಮಾಡಿ "ಇದು ಈ ಸಲದ ಕೊಯ್ಲಾ?" ಅಂತ ಕೇಳಿ ತರಿಸಿ. ಅದೇ ಸಮಯಕ್ಕೆ ತೋಟದವರು ಹೂಮಳೆಗೆ ಕಾಯುತ್ತಿರುತ್ತಾರೆ. ಆ ಒಂದು ಮಳೆ ಸರಿಯಾಗಿ ಬಿದ್ದರೆ ಹತ್ತು ದಿನದಲ್ಲಿ ತೋಟವೆಲ್ಲ ಮಲ್ಲಿಗೆ ಬಿಟ್ಟ ಹಾಗೆ ಬೆಳ್ಳಗಾಗುತ್ತದೆ. ಕಾಫಿಗೆ ಹೇಳಿದ ಮೇಲೆ "ನಿಮ್ಮಲ್ಲಿ ಮಳೆ ಬಂತಾ?" ಅಂತಾನೂ ಕೇಳಿ. ಅವರಿಗೆ ಹೇಳಲು ತುಂಬ ಇರುತ್ತದೆ.